ಪ್ರತಿಮೆಯಿಲ್ಲದ ಎಂಜಿನಿಯರುಗಳು: ಭೀಮೆ–ಕೃಷ್ಣೆಯರ ನಡುವಿನ ನಾಲ್ಕು ತಾಲ್ಲೂಕುಗಳ ಒಂದು ಟಿಪ್ಪಣಿ

ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಈ ನಾಲ್ಕು ಊರುಗಳ ಸರ್ಕಲ್ಲುಗಳಲ್ಲಿ ಬಸವಣ್ಣನವರು, ಅಂಬೇಡ್ಕರರು ಇದ್ದಾರೆ. ವಿಕ್ಟೋರಿಯಾ ರಾಣಿಯ ಆಳ್ವಿಕೆಯಲ್ಲಿ (1837–1901) ಈ ಸೀಮೆಗೆ ರಸ್ತೆ ಹಾಕಿಸಿದ, ಬರಗಾಲದಲ್ಲಿ ಮಣ್ಣು ಹೊರಿಸಿದ, ರೈಲು ಹಳಿ ಎಳೆಸಿದ ಎಂಜಿನಿಯರುಗಳಿಗೆ ಇಲ್ಲಿ ಪ್ರತಿಮೆಯಿಲ್ಲ. ಅದೇ ಕಾಲದ, ಅದೇ ತರಬೇತಿಯ ಎಂಜಿನಿಯರುಗಳಿಗೆ ಆಂಧ್ರದಲ್ಲೂ ತಮಿಳುನಾಡಿನಲ್ಲೂ ಹಾರ ಬೀಳುತ್ತದೆ, ಪೊಂಗಲ್ ನೈವೇದ್ಯವೂ ಆಗುತ್ತದೆ. ಈ ವ್ಯತ್ಯಾಸ ಏಕೆ ಬಂತು ಎಂಬುದನ್ನು ಈ ಟಿಪ್ಪಣಿ ವಿಚಾರಿಸುತ್ತದೆ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಇಲ್ಲಿಯ ಜನಕ್ಕೆ ನೆನಪು ಕಡಿಮೆ ಎಂದು ಯಾರೂ ಹೇಳುವಂತಿಲ್ಲ. ವಿಕ್ಟೋರಿಯಾ ಕಾಲದ ಕಾಮಗಾರಿ ಈ ಸೀಮೆಗೆ ಹಳಿ ತಂದಿತು, ನೀರು ತರಲಿಲ್ಲ. ಪ್ರತಿಮೆ ಇಲ್ಲದಿರುವುದೇ ಈ ಚರಿತ್ರೆಯ ಒಂದು ಸಾಕ್ಷಿ.

ಹೋಲಿಕೆಗೆ ಗೋದಾವರಿ ಸೀಮೆಯನ್ನು ನೋಡೋಣ. ಮದ್ರಾಸ್ ಎಂಜಿನಿಯರ್ಸ್ ದಳದ ಆರ್ಥರ್ ಕಾಟನ್ (1803–1899) ದೌಳೇಶ್ವರದಲ್ಲಿ 1847ರಿಂದ 1852ರವರೆಗೆ ಗೋದಾವರಿಗೆ ಅಡ್ಡಲಾಗಿ ಆಣೆಕಟ್ಟು ಕಟ್ಟಿಸಿದ. ಬರಕ್ಕೂ ಪ್ರವಾಹಕ್ಕೂ ಸಿಕ್ಕಿ ಬಡವಾಗಿದ್ದ ಮುಖಜಭೂಮಿ ಕೆಲವೇ ದಶಕಗಳಲ್ಲಿ ಅಕ್ಕಿಯ ಕಣಜವಾಯಿತು. ಇಂದು ಅಲ್ಲಿ ಅವನ ಹೆಸರಿನ ಬ್ಯಾರೇಜು ಇದೆ, ವಸ್ತುಸಂಗ್ರಹಾಲಯ ಇದೆ, ಊರೂರಿನಲ್ಲಿ ಪ್ರತಿಮೆಗಳಿವೆ. 1895ರಲ್ಲಿ ಮುಗಿದ ಮುಲ್ಲಪೆರಿಯಾರ್ ಅಣೆಕಟ್ಟಿನ ಎಂಜಿನಿಯರ್ ಜಾನ್ ಪೆನ್ನಿಕ್ವಿಕ್‌ನದೂ ತಮಿಳುನಾಡಿನ ತೇನಿ ಜಿಲ್ಲೆಯಲ್ಲಿ ಇದೇ ಕಥೆ. ಪಶ್ಚಿಮಕ್ಕೆ ಹರಿದುಹೋಗುತ್ತಿದ್ದ ನದಿಯನ್ನು ಸುರಂಗದ ಮೂಲಕ ಪೂರ್ವಕ್ಕೆ ತಿರುಗಿಸಿದ್ದಕ್ಕೆ ಅಲ್ಲಿಯ ರೈತರು ಅವನ ಹೆಸರಿನಲ್ಲಿ ಪೊಂಗಲ್ ಮಾಡುತ್ತಾರೆ. ತಮಿಳುನಾಡು ಸರ್ಕಾರ 2013ರಲ್ಲಿ ಲೋವರ್ ಕ್ಯಾಂಪಿನಲ್ಲಿ ಮಣಿಮಂಟಪವನ್ನೇ ಕಟ್ಟಿಸಿತು. ಈ ಗೌರವ ಬಂದದ್ದು ಬ್ರಿಟಿಷ್ ಸರ್ಕಾರದಿಂದ ಅಲ್ಲ, ನೀರು ಕುಡಿದ ಹೊಲದವರಿಂದ. ಸ್ವಾತಂತ್ರ್ಯ ಬಂದ ಮೇಲೆ ಎಷ್ಟೋ ಗವರ್ನರುಗಳ, ವೈಸರಾಯರ ಪ್ರತಿಮೆಗಳು ಕೆಳಗಿಳಿದವು. ಇವರಿಬ್ಬರ ಪ್ರತಿಮೆಗಳು ಆಮೇಲೆ ಹೆಚ್ಚಾದವು.

ಎಂಜಿನಿಯರುಗಳ ತವರಾದ ಇಂಗ್ಲೆಂಡಿನಲ್ಲಿ ಗೌರವದ ದಾರಿ ಬೇರೆಯಾಗಿತ್ತು. 1859ರ ಸೆಪ್ಟೆಂಬರಿನಲ್ಲಿ ಬ್ರುನೆಲ್, ಅಕ್ಟೋಬರಿನಲ್ಲಿ ರಾಬರ್ಟ್ ಸ್ಟೀಫನ್ಸನ್, ಮರುವರ್ಷ ಜೋಸೆಫ್ ಲಾಕ್ ತೀರಿಕೊಂಡರು. ಮೂವರೂ ರೈಲು ಮಾರ್ಗಗಳ ಮಹಾಶಿಲ್ಪಿಗಳು. ಮೂವರ ಕಂಚಿನ ಪ್ರತಿಮೆಗಳನ್ನೂ ಮಾರೊಕೆಟ್ಟಿ ಎಂಬ ಶಿಲ್ಪಿಯೇ ಮಾಡಿದ. ಪಾರ್ಲಿಮೆಂಟಿನ ಪಕ್ಕದಲ್ಲಿ ಮೂರನ್ನೂ ಸಾಲಾಗಿ ನಿಲ್ಲಿಸಬೇಕೆಂದು ಅವರ ಅಭಿಮಾನಿಗಳ ಆಸೆ. ಸರ್ಕಾರ ಒಪ್ಪಲಿಲ್ಲ. ಕೊನೆಗೆ ಲಾಕ್ 1866ರಲ್ಲಿ ತನ್ನೂರು ಬಾರ್ನ್‌ಸ್ಲಿಗೆ ಹೋದ, ಸ್ಟೀಫನ್ಸನ್ 1871ರಲ್ಲಿ ಯೂಸ್ಟನ್ ರೈಲು ನಿಲ್ದಾಣದ ಮುಂದೆ ನಿಂತ, ಬ್ರುನೆಲ್ 1877ರಲ್ಲಿ ಥೇಮ್ಸ್ ದಂಡೆಗೆ ಬಂದ. ಯುದ್ಧ ಗೆದ್ದವರಿಗೂ ಕಾನೂನು ಮಾಡಿದವರಿಗೂ ಮೀಸಲಾದ ಜಾಗದಲ್ಲಿ ಸೇತುವೆ ಕಟ್ಟಿದವರು ನಿಲ್ಲಬಹುದೇ ಎಂಬ ಅನುಮಾನ ಆ ಕಾಲದ ದೊರೆಗಳಿಗೂ ಇತ್ತು. ವಸಾಹತು ಭಾರತದಲ್ಲೂ ಸರ್ಕಾರಿ ಸ್ಮಾರಕಗಳ ಒಲವು ಹೀಗೆಯೇ. ನಮ್ಮ ಸೀಮೆಗೆ ಹತ್ತಿರದ ಧಾರವಾಡದಲ್ಲಿ ಸ್ಮಾರಕ ಪಡೆದವನು 1824ರಲ್ಲಿ ಕಿತ್ತೂರಿನಲ್ಲಿ ಸತ್ತ ಕಲೆಕ್ಟರ್ ಥ್ಯಾಕರೆ.

ಈಗ ನಮ್ಮ ನಾಲ್ಕು ತಾಲ್ಲೂಕುಗಳಿಗೆ ಬರೋಣ. 1848ರಲ್ಲಿ ಸಾತಾರಾ ಸಂಸ್ಥಾನ ಬ್ರಿಟಿಷರ ಕೈಸೇರಿದಾಗ ವಿಜಯಪುರವೂ ಅವರದಾಯಿತು. ಆಮೇಲೆ ರೂಪುಗೊಂಡ ಜಿಲ್ಲೆಯ ಕಚೇರಿ 1885ರವರೆಗೆ ಕಲಾದಗಿಯಲ್ಲಿತ್ತು. ಇಲ್ಲಿ ಎಂಜಿನಿಯರು ಹಳ್ಳಿಯವರ ಕಣ್ಣಿಗೆ ದೊಡ್ಡದಾಗಿ ಕಂಡದ್ದು 1876–78ರ ಬರಗಾಲದಲ್ಲಿ. ಮುಂಗಾರು ಕೈಕೊಟ್ಟಿತು, ಹಿಂಗಾರಿ ಜೋಳ ಹುಟ್ಟಲಿಲ್ಲ, ದನಗಳು ಮೊದಲು ಸತ್ತವು, ಆಮೇಲೆ ಮನುಷ್ಯರು. ಮುಂಬೈ ಪ್ರಾಂತದಲ್ಲಿ ಅತ್ಯಂತ ಹೆಚ್ಚು ನಲುಗಿದ ಜಿಲ್ಲೆಗಳಲ್ಲಿ ಕಲಾದಗಿ ಒಂದು. 1872ರ ಮತ್ತು 1881ರ ಜನಗಣತಿಗಳ ನಡುವೆ ಜಿಲ್ಲೆಯ ಜನಸಂಖ್ಯೆ ಐದರಲ್ಲೊಂದು ಪಾಲಿಗಿಂತ ಹೆಚ್ಚು ಇಳಿಯಿತು. ಈ ಒಂದು ಅಂಕಿಯನ್ನು ಮನಸ್ಸಿನಲ್ಲಿಟ್ಟುಕೊಳ್ಳದೆ ಇಲ್ಲಿಯ ಯಾವ ಕಾಮಗಾರಿಯ ಚರಿತ್ರೆಯನ್ನೂ ಬರೆಯಲಾಗದು.

ಸರ್ಕಾರದ ಉತ್ತರ ಬರಗಾಲ ಕಾಮಗಾರಿ. ರಸ್ತೆಗೆ ಜಲ್ಲಿ ಒಡೆಯುವುದು, ಕೆರೆಯ ಏರಿಗೆ ಮಣ್ಣು ಹೊರುವುದು, ರೈಲಿಗೆ ದಿಬ್ಬ ಹಾಕುವುದು. ಕಾಮಗಾರಿಗಳಲ್ಲಿ ಎರಡು ಬಗೆ ಇದ್ದವು. ಮೈಯಲ್ಲಿ ಶಕ್ತಿಯಿದ್ದವರು ಲೋಕೋಪಯೋಗಿ ಇಲಾಖೆಯ ಎಂಜಿನಿಯರರ ಕೈಕೆಳಗೆ, ದೊಡ್ಡ ಕೆಲಸಗಳಿಗೆ. ಸೋತವರು ಕಂದಾಯ ಅಧಿಕಾರಿಗಳ ಕೈಕೆಳಗೆ, ಊರ ಹತ್ತಿರದ ಸಣ್ಣ ಕೆಲಸಗಳಿಗೆ. 1877ರ ಆರಂಭದಲ್ಲಿ ಭಾರತ ಸರ್ಕಾರದ ಕ್ಷಾಮ ಪ್ರತಿನಿಧಿ ರಿಚರ್ಡ್ ಟೆಂಪಲ್‌ನ ಸಲಹೆಯಂತೆ ಕೂಲಿಯನ್ನು ದಿನಕ್ಕೆ ಒಂದು ಪೌಂಡು ಕಾಳು, ಮೇಲೆ ಚಿಲ್ಲರೆ ಕಾಸು ಎಂಬ ಮಟ್ಟಕ್ಕೆ ಇಳಿಸಿದರು. ಒಂದು ಪೌಂಡೆಂದರೆ ಅರ್ಧ ಕಿಲೋಗೂ ಕಡಿಮೆ. ಅಷ್ಟು ಜೋಳ ತಿಂದು ದಿನವಿಡೀ ಕಲ್ಲು ಒಡೆಯಬೇಕು. ಮುಂಬೈ ಪ್ರಾಂತದ ಹಲವು ಕಡೆ ಜನ ಕೆಲಸ ಬಿಟ್ಟು ಹೊರನಡೆದರು. ಪುಣೆಯ ಸಾರ್ವಜನಿಕ ಸಭೆ ಸರ್ಕಾರಕ್ಕೆ ಅರ್ಜಿಯ ಮೇಲೆ ಅರ್ಜಿ ಬರೆಯಿತು. ಬುಟ್ಟಿ ಹೊತ್ತವರ ನೆನಪಿನಲ್ಲಿ ಎಂಜಿನಿಯರ್ ಎಂದರೆ ಅಳತೆಪಟ್ಟಿ ಹಿಡಿದು ‘ಇವತ್ತಿನ ಕೆಲಸ ಕಡಿಮೆಯಾಯಿತು’ ಎಂದು ಕೂಲಿ ಮುರಿಯುವ ಇಲಾಖೆಯ ಮನುಷ್ಯ. ಅಂಥವನಿಗೆ ಯಾರೂ ಗುಡಿ ಕಟ್ಟುವುದಿಲ್ಲ. ಆ ಎಂಜಿನಿಯರರಲ್ಲಿ ಹಲವರು ಕಾಲರಾ ಹಬ್ಬಿದ ಕ್ಯಾಂಪುಗಳಲ್ಲಿ ನಿಷ್ಠೆಯಿಂದ ದುಡಿದವರು, ನಿಜ. ಆದರೆ ಕೂಲಿಯ ದರ ನಿಗದಿ ಮಾಡುವುದು ಅವರ ಕೈಯಲ್ಲಿರಲಿಲ್ಲ.

ಬರ ಕಳೆದ ಮೇಲೆ ಕ್ಷಾಮ ಆಯೋಗ ಕೂತಿತು. ಅದರ ಅಧ್ಯಕ್ಷ ರಿಚರ್ಡ್ ಸ್ಟ್ರೇಚಿ ಸ್ವತಃ ಬಂಗಾಳ ಎಂಜಿನಿಯರ್ಸ್ ದಳದವನು. ಕಾಳು ಇರುವ ಕಡೆಯಿಂದ ಇಲ್ಲದ ಕಡೆಗೆ ಬೇಗ ಸಾಗಬೇಕು, ಅದಕ್ಕೆ ರೈಲು ಬೇಕು ಎಂಬುದು 1880ರ ವರದಿಯ ಮುಖ್ಯ ಮಾತುಗಳಲ್ಲಿ ಒಂದು. ಆ ಮಾತಿನ ಫಲವಾಗಿ ನಮ್ಮ ಸೀಮೆಗೆ ಬಂದದ್ದು ಹೋಟಗಿ–ಗದಗ ಮಾರ್ಗ. 1882ರಲ್ಲಿ ಹುಟ್ಟಿದ ಸದರ್ನ್ ಮರಾಠಾ ರೈಲ್ವೆ ಕಂಪನಿ ಇದನ್ನು ಮೀಟರ್ ಗೇಜಿನಲ್ಲಿ ಹಾಕಿತು. 1884ರಲ್ಲಿ ಗಾಡಿ ಓಡಿತು. ಸರ್ಕಾರದ ಕಡತಗಳಲ್ಲಿ ಇದು ‘ಕ್ಷಾಮ ಮಾರ್ಗ’. ಸುಮಾರು 284 ಕಿಲೋಮೀಟರ್ ಉದ್ದ. ಸೊಲ್ಲಾಪುರದ ಕಡೆಯಿಂದ ಬಂದು ಭೀಮೆಯನ್ನು ದಾಟಿ ಇಂಡಿ ಸೀಮೆಗೆ ಇಳಿಯುತ್ತದೆ. ಲಚ್ಯಾಣ, ಇಂಡಿ ರೋಡ್, ನಿಂಬಾಳ, ಮಿಂಚನಾಳ ಹಾದು ವಿಜಯಪುರ ಸೇರುತ್ತದೆ. ಅಲ್ಲಿಂದ ಮುಳವಾಡ, ಕೂಡಗಿ, ಬಸವನ ಬಾಗೇವಾಡಿ ರೋಡ್ ಮುಗಿಸಿ ಆಲಮಟ್ಟಿಯ ಹತ್ತಿರ ಕೃಷ್ಣೆಯನ್ನು ದಾಟುತ್ತದೆ. ಒಂದು ತುದಿಗೆ ಭೀಮೆಯ ಸೇತುವೆ, ಇನ್ನೊಂದು ತುದಿಗೆ ಕೃಷ್ಣೆಯ ಸೇತುವೆ. ಇವೆರಡೇ ಈ ಜಿಲ್ಲೆಯಲ್ಲಿ ವಿಕ್ಟೋರಿಯಾ ಕಾಲದ ಎಂಜಿನಿಯರಿಂಗ್‌ನ ನಿಜವಾದ ದೊಡ್ಡ ಕೆಲಸಗಳು. ಜಿಲ್ಲಾ ಕೇಂದ್ರ 1885ರಲ್ಲಿ ಕಲಾದಗಿಯಿಂದ ವಿಜಯಪುರಕ್ಕೆ ಬಂದದ್ದೂ ಈ ರೈಲಿನ ಬೆನ್ನಿಗೇ.

ಮಾರ್ಗ ಯಾರ ಬಾಗಿಲಿಗೆ ಹೋಯಿತು, ಯಾರ ಬಾಗಿಲಿಗೆ ಹೋಗಲಿಲ್ಲ ಎಂಬುದನ್ನು ಗಮನಿಸಬೇಕು. ಇಂಡಿ ಪಟ್ಟಣ ಒಂದು ಕಡೆ, ಇಂಡಿ ರೋಡ್ ನಿಲ್ದಾಣ ಮೈಲುಗಟ್ಟಲೆ ದೂರದಲ್ಲಿ ಇನ್ನೊಂದು ಕಡೆ; ಬಾಗೇವಾಡಿಯದೂ ಹಾಗೇ. ಸಿಂದಗಿಗೂ ಮುದ್ದೇಬಿಹಾಳಕ್ಕೂ ಆ ಮಾರ್ಗ ಮುಟ್ಟಲೇ ಇಲ್ಲ. ಆಲಮಟ್ಟಿಯಿಂದ ಮುದ್ದೇಬಿಹಾಳದ ಮೇಲೆ ಯಾದಗಿರಿಗೆ ರೈಲು ಬೇಕೆಂದು ಜನ ಇಂದಿಗೂ ಮನವಿ ಕೊಡುತ್ತಲೇ ಇದ್ದಾರೆ. ನಾಲ್ಕರಲ್ಲಿ ಎರಡು ತಾಲ್ಲೂಕುಗಳಿಗೆ ಸ್ಮರಿಸಲು ಸೇತುವೆಯೂ ಇಲ್ಲ, ನಿಲ್ದಾಣವೂ ಇಲ್ಲ. ನಿಲ್ದಾಣ ಬಂದ ಕಡೆಯೂ ನೆನಪು ಎಂಜಿನಿಯರನನ್ನು ಹಿಡಿದು ನಿಲ್ಲಲಿಲ್ಲ. ಇಂಡಿ ತಾಲ್ಲೂಕಿನ ನಿಂಬಾಳದ ಉದಾಹರಣೆ ನೋಡಿ. ತತ್ವಶಾಸ್ತ್ರದ ಪ್ರಾಧ್ಯಾಪಕರೂ ಅನುಭಾವಿಗಳೂ ಆದ ಗುರುದೇವ ರಾ.ದ. ರಾನಡೆಯವರು ಆ ನಿಲ್ದಾಣದ ಬಳಿ ಆಶ್ರಮ ಮಾಡಿಕೊಂಡರು. 1957ರಲ್ಲಿ ಅಲ್ಲಿಯೇ ದೇಹ ಬಿಟ್ಟರು. ಇಂದು ಭಕ್ತರು ‘ನಿಂಬಾಳ ಸ್ಟೇಷನ್’ ಎಂದರೆ ಗುರುದೇವರ ನೆಲೆ ಎಂದೇ ಅರ್ಥ. ಹಳಿ ಹಾಕಿದವರ ನಿಲ್ದಾಣ ಸಾಧಕರ ಸ್ಮಾರಕವಾಯಿತು.

ನೀರಿನ ಮಾತೇನು? ಭೀಮೆ, ಡೋಣಿ, ಕೃಷ್ಣೆ ಮೂರೂ ಇದ್ದ ಸೀಮೆಗೆ ವಿಕ್ಟೋರಿಯಾ ಕಾಲದ ಎಂಜಿನಿಯರುಗಳು ದೊಡ್ಡ ಕಾಲುವೆ ಏಕೆ ತರಲಿಲ್ಲ? ಒಂದು ಕಾರಣ ಲೆಕ್ಕದ ಪುಸ್ತಕ. ಸರ್ಕಾರ ನೀರಾವರಿ ಕೆಲಸಗಳನ್ನು ಹಾಕಿದ ಬಂಡವಾಳಕ್ಕೆ ಬಡ್ಡಿ ದುಡಿಯುವ ಕೆಲಸ, ಬರಗಾಲಕ್ಕೆ ಬರೀ ರಕ್ಷಣೆಯ ಕೆಲಸ ಎಂದು ವಿಂಗಡಿಸಿತ್ತು. ಗೋದಾವರಿ ಮೊದಲನೆಯದು. ನಮ್ಮ ಎರೆಭೂಮಿ ಎರಡನೆಯದಕ್ಕೂ ಹಿಂದೆ. ಇನ್ನೊಂದು ಕಾರಣ ಕರ್ನೂಲಿನಲ್ಲಿ ಸಿಕ್ಕ ಪೆಟ್ಟು. ತುಂಗಭದ್ರೆಗೆ ಸುಂಕೇಶುಲದಲ್ಲಿ ಆಣೆ ಹಾಕಿ ಕರ್ನೂಲು–ಕಡಪ ಕಾಲುವೆ ತೆಗೆದದ್ದು ಮದ್ರಾಸ್ ಇರಿಗೇಷನ್ ಕಂಪನಿ. ಆ ಯೋಜನೆಯ ಹಿಂದೆ ನಿಂತವನು ಗೋದಾವರಿಯ ಅದೇ ಕಾಟನ್. ಅಲ್ಲಿಯ ಕರಿಮಣ್ಣಿನ ರೈತರು ನೀರು ಕೊಳ್ಳಲು ಮುಂದೆ ಬರಲಿಲ್ಲ. ಎರೆಮಣ್ಣು ಒಮ್ಮೆ ಕುಡಿದ ಮಳೆನೀರನ್ನು ತಿಂಗಳುಗಟ್ಟಲೆ ಹಿಡಿದಿಡುತ್ತದೆ. ಆ ಹಸಿಯ ಮೇಲೆಯೇ ಬಿಳಿಜೋಳ, ಕಡಲೆ, ಕುಸುಬಿ ಬೆಳೆದುಬರುತ್ತವೆ. ಒಳ್ಳೆಯ ಮಳೆಯ ವರ್ಷ ಅಂಥ ಹೊಲಕ್ಕೆ ದುಡ್ಡು ಕೊಟ್ಟು ನೀರು ಹಾಯಿಸುವವರು ಯಾರು? ಕಂಪನಿ ನಷ್ಟದಲ್ಲಿ ಮುಳುಗಿತು, 1882ರಲ್ಲಿ ಸರ್ಕಾರ ಕಾಲುವೆಯನ್ನು ಕೊಂಡುಕೊಂಡಿತು. ಕರಿಮಣ್ಣಿಗೆ ಕಾಲುವೆ ಲಾಭದ ಬಾಬತ್ತಲ್ಲ ಎಂಬ ಮಾತು ಆಮೇಲೆ ಬಹಳ ವರ್ಷ ಇಲಾಖೆಗಳಲ್ಲಿ ಉಳಿಯಿತು. ಡೋಣಿ ಸೀಮೆಯ ಎರೆಯನ್ನು ಬಲ್ಲವರಿಗೆ ಆ ರೈತರ ಲೆಕ್ಕಾಚಾರ ಅರ್ಥವಾಗುತ್ತದೆ. ಆದರೆ ಅದು ಮಳೆ ಬಂದ ವರ್ಷದ ಲೆಕ್ಕ. ಮಳೆಯೇ ಬಾರದ 1876ಕ್ಕೆ ಅದರಲ್ಲಿ ಉತ್ತರವಿಲ್ಲ. ಒಬ್ಬನೇ ಎಂಜಿನಿಯರು ಗೋದಾವರಿಯಲ್ಲಿ ದೇವರಾಗಿ, ತುಂಗಭದ್ರೆಯಲ್ಲಿ ಸೋತದ್ದನ್ನು ನೋಡಿದರೆ ಪ್ರತಿಮೆಯ ಭವಿಷ್ಯವನ್ನು ಎಂಜಿನಿಯರನ ಜಾಣ್ಮೆಯಷ್ಟೇ ಮಣ್ಣೂ ತೀರ್ಮಾನಿಸುತ್ತದೆ ಎನ್ನಬೇಕಾಗುತ್ತದೆ.

ಭೀಮೆಯ ಮೇಲ್ಭಾಗದಲ್ಲಿ ಮಾತ್ರ ಬೇರೆ ಬಗೆಯ ಸ್ಮಾರಕಗಳಿದ್ದವು. ಪುಣೆಯ ಹತ್ತಿರದ ಖಡಕ್‌ವಾಸ್ಲಾ ಜಲಾಶಯಕ್ಕೆ ಅದನ್ನು ಕಟ್ಟಿಸಿದ ಕರ್ನಲ್ ಫೈಫ್‌ನ ಹೆಸರಿತ್ತು, ‘ಲೇಕ್ ಫೈಫ್’. ನೀರಾ ಕಣಿವೆಯ ಭಾಟ್‌ಘರ್ ಜಲಾಶಯಕ್ಕೆ ಎಂಜಿನಿಯರ್ ವೈಟಿಂಗ್‌ನ ಹೆಸರು, ‘ಲೇಕ್ ವೈಟಿಂಗ್’. ಎರಡೂ ಹೊಳೆಗಳ ನೀರು ಭೀಮೆಗೆ ಸೇರಿ ಇಂಡಿ, ಸಿಂದಗಿಗಳ ಅಂಚಿನಲ್ಲಿ ಹರಿಯುತ್ತದೆ. ಇಂದು ಫೈಫ್, ವೈಟಿಂಗ್ ಎಂದರೆ ಯಾರಿಗೂ ಗೊತ್ತಾಗುವುದಿಲ್ಲ, ಊರ ಹೆಸರುಗಳೇ ಗೆದ್ದವು. ಬೆಂಗಳೂರಿನಲ್ಲಿ ಮೈಸೂರು ಸಂಸ್ಥಾನದ ಮುಖ್ಯ ಎಂಜಿನಿಯರಾಗಿದ್ದ ರಿಚರ್ಡ್ ಸ್ಯಾಂಕಿಯ ಹೆಸರು ಸ್ಯಾಂಕಿ ಕೆರೆಯಲ್ಲಿ ಉಳಿದದ್ದು ವಿರಳ ಉದಾಹರಣೆ. ಮಂಡ್ಯದಲ್ಲಂತೂ ವೈಸರಾಯ್ ಇರ್ವಿನ್ ಹೆಸರಿನ ಕಾಲುವೆ ವಿಶ್ವೇಶ್ವರಯ್ಯ ಕಾಲುವೆಯಾಗಿ, ರೈತರ ಬಾಯಲ್ಲಿ ‘ವಿ.ಸಿ. ನಾಲೆ’ ಆಗಿ ನೆಲೆಸಿತು.

ಕಟ್ಟಿದವನ ಹೆಸರನ್ನು ಕಲ್ಲಿನಲ್ಲಿ ಇಡುವ ಪರಿಪಾಠ ಈ ಸೀಮೆಗೆ ಹೊಸದಲ್ಲ. ಇಂಡಿ ತಾಲ್ಲೂಕಿನ ಸಾಲೋಟಗಿಯ ಕಂಬದ ಶಾಸನ ಕ್ರಿ.ಶ. 945ರದು, ರಾಷ್ಟ್ರಕೂಟ ಮುಮ್ಮಡಿ ಕೃಷ್ಣನ ಕಾಲದ್ದು. ಕೃಷ್ಣನ ಮಂತ್ರಿ ನಾರಾಯಣ ಅಲ್ಲಿ ವಿದ್ಯಾಶಾಲೆ ಕಟ್ಟಿಸಿದ್ದನ್ನು ಅದು ಹೇಳುತ್ತದೆ. ನಾಡಿನ ಬೇರೆ ಬೇರೆ ಕಡೆಗಳಿಂದ ಬರುವ ವಿದ್ಯಾರ್ಥಿಗಳಿಗೆ 27 ವಸತಿಗಳು, ದೀಪದೆಣ್ಣೆಗೆಂದು ಬಿಟ್ಟ ಭೂಮಿ, ಊರಲ್ಲಿ ಮದುವೆಯಾದರೆ ಶಾಲೆಗೆ ಸಲ್ಲಬೇಕಾದ ಕಾಣಿಕೆ, ಹೀಗೆ ಆ ಕಟ್ಟಡ ನಡೆಯುವ ಬಗೆಯೂ ಕಂಬದಲ್ಲಿದೆ. ಸ್ಮಾರಕ ಎಂದರೆ ಹೀಗಿರಬೇಕು ಎಂದು ನನಗೆ ಅನ್ನಿಸುತ್ತದೆ: ಮಾಡಿಸಿದವನ ಹೆಸರಿನ ಜೊತೆಗೆ ಮಾಡಿದ ಕೆಲಸದ ವಿವರ. ವಿಜಯಪುರದ ಇಬ್ರಾಹಿಂ ರೋಜಾದ ಶಾಸನ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಕಟ್ಟಡ ನಿಲ್ಲಿಸಿದ ಮಲಿಕ್ ಸಂದಲ್‌ನ ಹೆಸರನ್ನೂ ಒಂದೂವರೆ ಲಕ್ಷ ಹೊನ್ನಿಗೆ ಮೀರಿದ ಖರ್ಚನ್ನೂ ಕೊಡುತ್ತದೆ. ಜಾಮಿ ಮಸೀದಿಯ ಮಿಹ್ರಾಬಿನಲ್ಲಿ 1636ರ ಕೆಲಸ ಮಾಡಿಸಿದ ಮಲಿಕ್ ಯಾಕೂತ್ ತನ್ನ ಹೆಸರು ಬರೆಸಿಕೊಂಡಿದ್ದಾನೆ. ಇಂಥ ನಾಡಿಗೆ ಬಂದ ವಿಕ್ಟೋರಿಯಾ ಕಾಲದ ಇಲಾಖೆ ತನ್ನ ಕೆಲಸದ ಮೇಲೆ ಮನುಷ್ಯರ ಹೆಸರನ್ನು ಸಾಮಾನ್ಯವಾಗಿ ಕೆತ್ತಲಿಲ್ಲ. ಎಂಜಿನಿಯರು ವರ್ಗಾವಣೆಯ ನೌಕರ. ಒಬ್ಬ ಅಳತೆ ಮಾಡಿದರೆ ಇನ್ನೊಬ್ಬ ನಕ್ಷೆ ಬರೆದ, ಮೂರನೆಯವನು ಕೆಲಸ ಮುಗಿಸಿದ. ಕಾಟನ್‌ನಂತೆ ಒಂದೇ ನದಿಗೆ ವರ್ಷಗಟ್ಟಲೆ ಅಂಟಿಕೊಂಡವನು ಇಲ್ಲಿಗೆ ಸಿಗಲಿಲ್ಲ.

ಇನ್ನೊಂದು ಪುರಾವೆಯನ್ನು ಹತ್ತಿರದಿಂದ ನೋಡಬೇಕು. 1859ರಲ್ಲಿ ಜೇಮ್ಸ್ ಫರ್ಗುಸನ್ ಸಂಪಾದನೆಯಲ್ಲಿ ವಿಜಯಪುರದ ಮುಖ್ಯ ಕಟ್ಟಡಗಳ ನಕ್ಷೆಗಳ ದೊಡ್ಡ ಗ್ರಂಥ ಹೊರಬಂತು. ಅದರ ಶೀರ್ಷಿಕೆ ಪುಟದಲ್ಲಿ ಬಾಂಬೆ ಎಂಜಿನಿಯರ್ಸ್‌ನ ಕ್ಯಾಪ್ಟನ್ ಹಾರ್ಟ್ ಇದ್ದಾನೆ, ಸಿವಿಲ್ ಎಂಜಿನಿಯರ್ ಕಮಿಂಗ್ ಇದ್ದಾನೆ. ಅವರ ನಂತರ ‘ದೇಶೀ ನಕ್ಷೆಗಾರರು’ ಎಂದಷ್ಟೇ ಇದೆ. ಗೋಳಗುಮ್ಮಟದ ಗೋಡೆಗೆ ಏಣಿ ಹಾಕಿ, ದಾರ ಹಿಡಿದು, ಕಮಾನಿನ ಬಾಗನ್ನು ಕಾಗದಕ್ಕೆ ಇಳಿಸಿದ ಆ ಕೈಗಳಿಗೆ ಹೆಸರಿಲ್ಲ. ಗೌಂಡಿ, ಒಡ್ಡರು, ಸುಣ್ಣದ ಗಾರೆ ಅರೆದ ಹೆಂಗಸರು, ಬರಗಾಲದಲ್ಲಿ ಬುಟ್ಟಿ ಹೊತ್ತ ಮಕ್ಕಳು ಶೀರ್ಷಿಕೆ ಪುಟದ ಹತ್ತಿರಕ್ಕೂ ಬರಲಿಲ್ಲ. ಹೀಗಾಗಿ ಈ ಸೀಮೆಯಲ್ಲಿ ಎಂಜಿನಿಯರುಗಳ ಪ್ರತಿಮೆ ಎಲ್ಲಿ ಎಂದು ಕೇಳುವ ಸಂಶೋಧಕ ಕೆಲಸಗಾರರ ಹೆಸರುಗಳೆಲ್ಲಿ ಎಂದೂ ಕೇಳಲೇಬೇಕು.

ಕರ್ನಾಟಕ ಎದೆತುಂಬಿ ಸ್ಮರಿಸುವ ಎಂಜಿನಿಯರು ಒಬ್ಬರಿದ್ದಾರೆ, ಮತ್ತು ಅವರು ಇದೇ ವ್ಯವಸ್ಥೆಯ ಕೂಸು ಎಂಬುದನ್ನು ನಾವು ಅಷ್ಟಾಗಿ ಗಮನಿಸಿಲ್ಲ. ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು ಪುಣೆಯ ಎಂಜಿನಿಯರಿಂಗ್ ಕಾಲೇಜಿನಲ್ಲಿ ಓದಿ 1884ರಲ್ಲಿ ಮುಂಬೈ ಪ್ರಾಂತದ ಲೋಕೋಪಯೋಗಿ ಇಲಾಖೆ ಸೇರಿದರು. ಹೋಟಗಿ–ಗದಗ ಗಾಡಿ ಓಡಿದ್ದೂ ಅದೇ ವರ್ಷ. ವಿಜಯಪುರ ಜಿಲ್ಲೆಯ ಕಾಮಗಾರಿಗಳೂ ಅದೇ ಇಲಾಖೆಯವು. ಅವರು ದಖನ್ನಿನ ಕಾಲುವೆಗಳಿಗೆ ಹೊಲಗಳನ್ನು ಬ್ಲಾಕುಗಳಾಗಿ ವಿಂಗಡಿಸಿ ನೀರು ಹಂಚುವ ಬ್ಲಾಕ್ ಪದ್ಧತಿ ರೂಪಿಸಿದ್ದು, ಫೈಫ್ ಕಟ್ಟಿಸಿದ ಖಡಕ್‌ವಾಸ್ಲಾಕ್ಕೆ ತಾನೇ ತೆರೆದುಕೊಳ್ಳುವ ಬಾಗಿಲು ಕೂಡಿಸಿದ್ದು ಮೈಸೂರಿಗೆ ಬರುವ ಮುಂಚೆ. ಸೆಪ್ಟೆಂಬರ್ 15ರಂದು ಅವರ ಭಾವಚಿತ್ರಕ್ಕೆ ಹಾರ ಹಾಕುವ ನಮ್ಮ ಜಿಲ್ಲೆಯ ಎಂಜಿನಿಯರುಗಳು ವಿಕ್ಟೋರಿಯಾ ಕಾಲದ ಮುಂಬೈ ಇಲಾಖೆಯಲ್ಲಿ ಪಳಗಿದ ಒಬ್ಬ ಸಿವಿಲ್ ಎಂಜಿನಿಯರನಿಗೇ ನಮಿಸುತ್ತಿದ್ದಾರೆ.

ನೀರು ಬಂದದ್ದು ಇನ್ನೂ ತಡವಾಗಿ. 1964ರ ಮೇ 22ರಂದು ಆಲಮಟ್ಟಿಯಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಕೃಷ್ಣಾ ಮೇಲ್ದಂಡೆ ಯೋಜನೆಗೆ ಅಡಿಗಲ್ಲು ಇಟ್ಟರು. ಆಗ ಅವರು ಪ್ರಧಾನಿಯಲ್ಲ, ನೆಹರೂ ಸಂಪುಟದ ಖಾತೆರಹಿತ ಸಚಿವರು. ಐದು ದಿನಗಳಲ್ಲಿ ನೆಹರೂ ತೀರಿಕೊಂಡರು, ಜೂನ್ 9ರಂದು ಶಾಸ್ತ್ರಿ ಪ್ರಧಾನಿಯಾದರು. ಜಲಾಶಯ ಅವರ ಹೆಸರಿನದಾಯಿತು. ಕೆಳಗಿನ ನಾರಾಯಣಪುರ ಅಣೆಕಟ್ಟು 1982ರಲ್ಲಿ ಮುಗಿದು ಬಸವಸಾಗರವಾಯಿತು, ಬಾಗೇವಾಡಿಯಲ್ಲಿ ಹುಟ್ಟಿದ ಬಸವಣ್ಣನವರ ಹೆಸರು ಅದಕ್ಕೆ ಒಪ್ಪುತ್ತದೆ. ಅಲ್ಲಿಂದ ಹೊರಟ ಎಡದಂಡೆಯ ನೀರು ಇಂಡಿ ಶಾಖಾ ಕಾಲುವೆಯಾಗಿ ಸಿಂದಗಿ, ಇಂಡಿಗಳ ಎರೆಗೆ ಮುಟ್ಟಿತು. ಈ ಯೋಜನೆಗೆ ಬದುಕು ತೇಯ್ದ ಮುಖ್ಯ ಎಂಜಿನಿಯರ್ ಎಸ್.ಜಿ. ಬಾಳೇಕುಂದ್ರಿಯವರ ಹೆಸರಿನಲ್ಲಿ ಬೆಳಗಾವಿಯಲ್ಲಿ ಎಂಜಿನಿಯರಿಂಗ್ ಕಾಲೇಜು ಇದೆ. ಕಾಟನ್‌ಗೆ ಗೋದಾವರಿಯ ರೈತರು ಕೊಟ್ಟ ಸ್ಥಾನ ಈ ಸೀಮೆಯಲ್ಲಿ ಯಾರಿಗಾದರೂ ಸಲ್ಲುವುದಾದರೆ ಅದು ಅವರಿಗೆ ಮತ್ತು ಅವರ ತಲೆಮಾರಿನವರಿಗೆ ಸಲ್ಲಬೇಕು. ಅವರ ಜೊತೆಗೆ, ಹಿನ್ನೀರಿಗೆ ಊರು ಬಿಟ್ಟುಕೊಟ್ಟ ಮುಳುಗಡೆಯ ಜನರಿಗೂ.

1884ರ ಹಳಿಯ ಕುರುಹುಗಳು ಈಗ ಬೇಗ ಬೇಗ ಮರೆಯಾಗುತ್ತಿವೆ. ಮೀಟರ್ ಗೇಜ್ ಹೋಗಿ ಬ್ರಾಡ್‌ಗೇಜ್ ಬಂದಾಗ ಒಂದಷ್ಟು ಹೋದವು. ಜೋಡಿ ಹಳಿ, ಹೆದ್ದಾರಿ ಅಗಲೀಕರಣಗಳಲ್ಲಿ ಇನ್ನಷ್ಟು. ಆ ಕಾಲದ ಸಣ್ಣ ಮೋರಿಯನ್ನು ಗುರುತಿಸುವುದು ಕಷ್ಟವಲ್ಲ. ಸಿಮೆಂಟಿನ ಬದಲು ಸುಣ್ಣದ ಗಾರೆ, ಉಳಿಯ ಗೆರೆ ಉಳಿದ ಕರಿಕಲ್ಲಿನ ಮುಖ, ಅರ್ಧ ವೃತ್ತದ ಕಮಾನು, ಕಮಾನಿನ ನೆತ್ತಿಯಲ್ಲಿ ಬಿಗಿದ ಬೀಗದ ಕಲ್ಲು, ಕೆಲವು ಕಡೆ ಅದರ ಮೇಲೋ ತಡೆಗೋಡೆಯ ಮೇಲೋ ಕೆತ್ತಿದ ಇಸವಿ. ಈ ನಾಲ್ಕು ತಾಲ್ಲೂಕುಗಳ ಕಾಲೇಜು ಅಧ್ಯಾಪಕರಲ್ಲಿ, ಲೋಕೋಪಯೋಗಿ ಇಲಾಖೆಯ ಮತ್ತು ರೈಲ್ವೆಯ ಎಂಜಿನಿಯರುಗಳಲ್ಲಿ ನನ್ನದೊಂದು ವಿನಂತಿ. ಹಳೆಯ ಮೋರಿ, ಮೈಲುಗಲ್ಲು, ಬರಗಾಲದ ಕೆರೆಯ ಏರಿಗಳನ್ನು ಒಡೆಯುವ ಮುಂಚೆ ಫೋಟೋ ತೆಗೆದು, ಅಳತೆ ಬರೆದು, ಇಸವಿಯ ಕಲ್ಲನ್ನು ತೆಗೆದಿಡಿ. ಪಕ್ಕದ ಊರಿನ ಹಿರಿಯರು ಆ ಕೆಲಸದಲ್ಲಿ ದುಡಿದವರ ಬಗ್ಗೆ ಹೇಳುವುದನ್ನೂ ಅದರ ಜೊತೆಗೇ ಬರೆದುಕೊಂಡು, ಒಂದು ಪ್ರತಿಯನ್ನು ವಿಜಯಪುರದ ಜಿಲ್ಲಾ ಗ್ರಂಥಾಲಯಕ್ಕೆ ಕೊಡಿ.